ಇಂಡೆಕ್ಸ್ ಇದ್ದರೂ ಹುಡುಕಾಟ ನಿಧಾನವೇಕೆ?

ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಮೊಬೈಲ್ ಸಂಖ್ಯೆಯ ಕಾಲಂ ಪಠ್ಯರೂಪದ ವಾರ್‌ಚಾರ್ ಆಗಿದ್ದು, ಕ್ವೆರಿಯಲ್ಲಿ ಆ ಸಂಖ್ಯೆಯನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಇಂಡೆಕ್ಸ್ ಇದ್ದೂ ಉಪಯೋಗಕ್ಕೆ ಬರುವುದಿಲ್ಲ. ಪಠ್ಯವನ್ನು ಅಂಕಿಯೊಡನೆ ಹೋಲಿಸುವಾಗ ಮೈಎಸ್‌ಕ್ಯೂಎಲ್ ಎರಡನ್ನೂ ಸಂಖ್ಯೆಯಾಗಿಸುತ್ತದೆ. ಆಗ '1', '01', '1ಎ' ಮೂರೂ 1ಕ್ಕೆ ಸಮ. ಪಠ್ಯದ ಕ್ರಮದಲ್ಲಿ ಜೋಡಿಸಿದ ಇಂಡೆಕ್ಸಿನಲ್ಲಿ ಇವು ಬೇರೆಬೇರೆ ಕಡೆ ಚದುರಿರುತ್ತವೆ. ಹಾಗಾಗಿ ಪ್ರತಿ ಸಾಲನ್ನೂ ಓದದೆ ಗತಿಯಿಲ್ಲ. ಸಾವಿರ ಸಾಲುಗಳಲ್ಲಿ ಗೊತ್ತೇ ಆಗದ ಈ ದೋಷ ಕೋಟಿ ಸಾಲುಗಳಾದಾಗ ಕಾಡುತ್ತದೆ.

ಪತ್ತೆಗೆ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಸೇರಿಸಬೇಕು. ಅದರ ಫಲಿತಾಂಶದ ಪಾಸಿಬಲ್ ಕೀಸ್ ಕಾಲಂನಲ್ಲಿ ಇಂಡೆಕ್ಸಿನ ಹೆಸರಿದ್ದೂ ಕೀ ಎಂಬಲ್ಲಿ 'ನಲ್' ಕಂಡರೆ ಸಂಶಯ ಬಲವಾಗುತ್ತದೆ; ಬೆನ್ನಿಗೇ ಶೋ ವಾರ್ನಿಂಗ್ಸ್ ಕೊಟ್ಟರೆ ಕಾರಣವೂ ಸಿಗುತ್ತದೆ. ಸಂಖ್ಯೆಯನ್ನು ಉದ್ಧರಣದೊಳಗೆ ಬರೆದರೆ ಸಮಸ್ಯೆ ಮುಗಿಯಿತು. ಕಾಲಂ ಅಂಕಿಯದಾಗಿದ್ದು, ಕೊಟ್ಟ ಮೌಲ್ಯ ಪಠ್ಯವಾಗಿದ್ದರೆ ಈ ತೊಂದರೆಯಿಲ್ಲ: ಆ ಮೌಲ್ಯವೊಂದೇ ಅಂಕಿಯಾಗಿ ಬದಲಾಗುತ್ತದೆ.