ಆದೋನಿಯ ಬಂಡೆ, ವಯನಾಡಿನ ಮಣ್ಣು

ಆದೋನಿಯ ಕೋಟೆ ಬೆಟ್ಟಗಳಲ್ಲಿ ಮರಕ್ಕಿಂತ ಬಂಡೆಯೇ ಹೆಚ್ಚು. ಕರ್ನೂಲು ಜಿಲ್ಲೆಯ ಈ ಪಶ್ಚಿಮದ ಅಂಚಿನಲ್ಲಿ, ಆಲೂರು ಎಮ್ಮಿಗನೂರುಗಳ ಕಡೆಗೂ, ಜನ ಮಳೆಗಾಗಿ ಕಾಯುತ್ತಾರೆ. ಮಳೆಗೆ ಗುಡ್ಡ ಜರಿದೀತೆಂದು ಅಂಜುವುದಿಲ್ಲ. ಆದರೆ ನೆಲದ ಜರುಗುವಿಕೆಯನ್ನು ಆಕಾಶದಿಂದ ಅಳೆಯುವ ರೇಡಾರಿಗೆ ಇಂಥ ಬೋಳು ಕಲ್ಲುನೆಲವೇ ಅಚ್ಚುಮೆಚ್ಚು. ಕುಸಿತದ ಭಯ ನಿಜವಾಗಿಯೂ ಇರುವ ಕೊಡಗು, ವಯನಾಡುಗಳಲ್ಲಿ ಅದರ ಕಣ್ಣು ಮಂಜಾಗುತ್ತದೆ. ಈ ವಿಪರ್ಯಾಸ ಅರ್ಥವಾದರೆ ಉಪಗ್ರಹವನ್ನು ಏನು ಕೇಳಬಹುದು, ಏನು ಕೇಳಬಾರದು ಎಂಬುದೂ ಅರ್ಥವಾಗುತ್ತದೆ.

ಸಾಮಾನ್ಯ ಉಪಗ್ರಹ ಫೋಟೊ ತೆಗೆಯುವುದು ಸೂರ್ಯನ ಬೆಳಕಿನಲ್ಲಿ. ಮೋಡ ಕವಿದರೆ ಅದು ಕುರುಡು. ರೇಡಾರ್ ಉಪಗ್ರಹ ತಾನೇ ಮೈಕ್ರೋವೇವ್ ಅಲೆ ಕಳಿಸಿ, ನೆಲಕ್ಕೆ ಬಡಿದು ಮರಳಿದ್ದನ್ನು ಹಿಡಿಯುತ್ತದೆ. ರಾತ್ರಿಯಾಗಲಿ ಮೋಡವಾಗಲಿ ಅದಕ್ಕೆ ಅಡ್ಡಿಯಲ್ಲ. ಕೆಲವು ದಿನ ಬಿಟ್ಟು ಅದೇ ದಾರಿಯಲ್ಲಿ ಬಂದು ಮತ್ತೆ ಅಲೆ ಕಳಿಸುವಷ್ಟರಲ್ಲಿ ನೆಲ ಜರುಗಿದ್ದರೆ, ಅಲೆ ಸಾಗುವ ದೂರವೂ ಅದಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗಿರುತ್ತದೆ. ಆ ವ್ಯತ್ಯಾಸದಿಂದ ಸೆಂಟಿಮೀಟರುಗಳ, ಹತ್ತಾರು ಚಿತ್ರ ಜೋಡಿಸಿದರೆ ಮಿಲಿಮೀಟರುಗಳ ಚಲನೆಯನ್ನೂ ಲೆಕ್ಕ ಹಾಕಬಹುದು. ಷರತ್ತೊಂದಿದೆ: ಎರಡು ಸಲವೂ ಅಲೆಯನ್ನು ಹಿಂದಿರುಗಿಸಿದ್ದು ಅದೇ ವಸ್ತುವಾಗಿರಬೇಕು. ಆದೋನಿಯ ಬಂಡೆ ಬೇಸಿಗೆಯಲ್ಲೂ ಶ್ರಾವಣದಲ್ಲೂ ಅದೇ ಬಂಡೆ. ಕಾಫಿ ತೋಟದ ನೆರಳುಮರದ ಎಲೆ ಹಾಗಲ್ಲ. ಅಲುಗುತ್ತದೆ, ಉದುರುತ್ತದೆ, ಚಿಗುರುತ್ತದೆ. ಯುರೋಪಿನ ಸೆಂಟಿನೆಲ್-1 ಉಪಗ್ರಹಗಳ ಅಲೆಯುದ್ದ ಸುಮಾರು 5.6 ಸೆಂ.ಮೀ.; ದಟ್ಟ ಕಾಡಿನಲ್ಲಿ ಅದರ ಬಹುಪಾಲು ಎಲೆಗಳಲ್ಲೇ ಸಿಕ್ಕಿಬೀಳುತ್ತದೆ. ಹಾಗೆಂದು ಆದೋನಿಯಲ್ಲೂ ಎಲ್ಲವೂ ಸಲೀಸಲ್ಲ. ನೀರು ಕುಡಿದು ಉಬ್ಬುವ, ಒಣಗಿ ಬಿರಿಯುವ ಹತ್ತಿ ಹೊಲದ ಎರೆಮಣ್ಣು ನಿಜಕ್ಕೂ ಜರುಗಿತೋ, ಬರೀ ಮೈ ಕೊಡವಿತೋ ಎಂದು ಬಿಡಿಸಿ ಹೇಳುವುದು ಕಷ್ಟ.

ಎಲೆಯ ತೊಡಕಿಗೆ ನಿಸಾರ್ ಪರಿಹಾರ ಎನ್ನುವವರಿದ್ದಾರೆ. ಇಸ್ರೊ ಮತ್ತು ನಾಸಾ ಸೇರಿ ಕಟ್ಟಿದ ಈ ಉಪಗ್ರಹ 2025ರ ಜುಲೈ 30ರಂದು, ಅಂದರೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋಗಿ ಸರಿಯಾಗಿ ಒಂದು ವರ್ಷಕ್ಕೆ, ಶ್ರೀಹರಿಕೋಟಾದಿಂದ ಮೇಲೇರಿತು. ಅದರ ಎರಡು ರೇಡಾರುಗಳಲ್ಲಿ ಒಂದರ ಅಲೆಯುದ್ದ ಸುಮಾರು 24 ಸೆಂ.ಮೀ.; ಎಲೆಗಳ ನಡುವೆ ನುಸುಳಿ ನೆಲ ಮುಟ್ಟುವ ಶಕ್ತಿ ಅದಕ್ಕೆ ಹೆಚ್ಚು. 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ಆಸೆ ಹುಟ್ಟಿಸುವ ಸಂಗತಿಯೇ, ನಿಜ. ಆದರೆ ವಯನಾಡಿನಲ್ಲಿ 48 ಗಂಟೆಗಳಲ್ಲಿ 572 ಮಿ.ಮೀ. ಮಳೆ ಸುರಿದು, ಬೆಟ್ಟ ನಡುರಾತ್ರಿಯ ನಂತರ ಒಮ್ಮೆಲೇ ಕೆಸರಾಗಿ ಹರಿಯಿತು. 2018ರ ಆಗಸ್ಟಿನಲ್ಲಿ ಕೊಡಗನ್ನು ಸೀಳಿದ್ದೂ ಅತಿಮಳೆಯೇ. 12 ದಿನಕ್ಕೆ ಒಂದೆರಡು ಸಲ ತೆರೆಯುವ ಕಣ್ಣು ಎರಡೇ ದಿನದಲ್ಲಿ ಮುಗಿದುಹೋಗುವ ಅನಾಹುತವನ್ನು ಹೇಗೆ ಕಂಡೀತು?

ಹಾಗಾದರೆ ಇಷ್ಟು ಖರ್ಚೇಕೆ ಎಂದು ಕೇಳಬಹುದು. ಎಲ್ಲ ಬೆಟ್ಟವೂ ಹೀಗೆ ಹೇಳದೆ ಕೇಳದೆ ಬೀಳುವುದಿಲ್ಲ. ಚೀನಾದ ಸಿಚುವಾನ್ ಪ್ರಾಂತ್ಯದ ಶಿನ್ಮೊ ಎಂಬ ಹಳ್ಳಿ 2017ರ ಜೂನ್ 24ರಂದು ಕಲ್ಲುಮಣ್ಣಿನಡಿ ಹೂತುಹೋಯಿತು. ಆಮೇಲೆ ಸೆಂಟಿನೆಲ್ ಚಿತ್ರಗಳನ್ನು ಕೆದಕಿ ನೋಡಿದರೆ, ಕುಸಿತಕ್ಕೆ ಮೊದಲೇ ಆ ಇಳಿಜಾರಿನ ಚಲನೆ ಚುರುಕಾಗುತ್ತ ಬಂದಿತ್ತು. ವಯನಾಡಿನಲ್ಲೂ ಕುಸಿತದ ಮರುದಿನ, ಮೋಡ ಇನ್ನೂ ಸರಿಯದಿದ್ದಾಗಲೇ, ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ರಿಸ್ಯಾಟ್ ಉಪಗ್ರಹದ ರೇಡಾರಿನ ನೆರವಿನಿಂದ ಸುಮಾರು 86,000 ಚದರ ಮೀಟರ್ ನೆಲ ಜಾರಿದ್ದನ್ನೂ, ಕೆಸರು ಸುಮಾರು 8 ಕಿ.ಮೀ. ಹರಿದದ್ದನ್ನೂ ಗುರುತಿಸಿತು. ಅದೇ ಜಾಗದ ಹಳೆಯ ಕುಸಿತವೊಂದು ಕೇಂದ್ರದ ದಾಖಲೆಯಲ್ಲಿ ಮೊದಲೇ ಇತ್ತು. ಎಲ್ಲಿ ಎಂಬ ಪ್ರಶ್ನೆಗೆ ಉಪಗ್ರಹದ ಬಳಿ ಉತ್ತರವಿದೆ. ಯಾವಾಗ ಎಂಬುದಕ್ಕೆ ಕೆಳಗೇ ಹುಡುಕಬೇಕು: ವಯನಾಡಿನ ಕಲ್ಪೆಟ್ಟದಲ್ಲಿರುವ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ತನ್ನ ಮಳೆಮಾಪಕಗಳ ಲೆಕ್ಕ ನೋಡಿ ಕುಸಿತದ ಹಿಂದಿನ ದಿನವೇ ಎಚ್ಚರಿಸಿತ್ತು.

ಗುಡ್ಡ ಕುಸಿಯದ ಆದೋನಿಗೆ ಇದೆಲ್ಲ ಏಕೆ ಎನ್ನುವಂತಿಲ್ಲ. ಇಲ್ಲಿನ ಎಲ್‌ಎಲ್‌ಸಿ (ಕೆಳಮಟ್ಟದ) ಕಾಲುವೆಗೆ ನೀರು ಬರುವುದು ತುಂಗಭದ್ರಾ ಅಣೆಕಟ್ಟೆಯಿಂದ. ಕಲ್ಲಿನ ಆ ಕಟ್ಟಡ ಬಂಡೆಯಷ್ಟೇ ಸ್ಪಷ್ಟವಾಗಿ ರೇಡಾರಿಗೆ ಕಾಣುತ್ತದೆ. ಕೂತರೆ, ವಾಲಿದರೆ ವರ್ಷಗಳ ಚಿತ್ರಗಳಲ್ಲಿ ಗೊತ್ತಾಗುತ್ತದೆ. 2009ರ ಅಕ್ಟೋಬರಿನಲ್ಲಿ ಮಂತ್ರಾಲಯ ಮುಳುಗಿತಲ್ಲ, ಅಂಥ ನೆರೆಯ ಹರವನ್ನೂ ಮೋಡದ ಮೇಲಿನಿಂದಲೇ ರೇಡಾರ್ ಗುರುತಿಸಬಲ್ಲದು. ಆದರೆ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಯಿತು. ಅದನ್ನು ಯಾವ ಉಪಗ್ರಹವೂ ಮುಂಚೆ ಹೇಳಲಾರದಿತ್ತು. ಅದಕ್ಕೆ ಹತ್ತಿ ಮುಟ್ಟಿ ನೋಡುವ ಮನುಷ್ಯನೇ ಬೇಕು.

ಇನ್ನೊಂದು ತೊಡಕು ತಂತ್ರಜ್ಞಾನದ್ದಲ್ಲ. 2023ರ ಜನವರಿಯಲ್ಲಿ, ಉತ್ತರಾಖಂಡದ ಜೋಶಿಮಠ ಪಟ್ಟಣ 12 ದಿನಗಳಲ್ಲಿ 5.4 ಸೆಂ.ಮೀ. ಕುಸಿದಿದೆ ಎಂಬ ಇದೇ ದೂರಸಂವೇದಿ ಕೇಂದ್ರದ ವರದಿ ಹೊರಬಂದು, ಕೆಲವೇ ದಿನಗಳಲ್ಲಿ ಜಾಲತಾಣದಿಂದ ಮಾಯವಾಯಿತು. ನಿಸಾರ್ ದತ್ತಾಂಶವಾದರೋ ಎಲ್ಲರಿಗೂ ಮುಕ್ತ. ಅದನ್ನು ಊರು, ಇಳಿಜಾರುಗಳ ಹೆಸರು ಹಾಕಿ, ಅಲ್ಲಿನವರ ಭಾಷೆಯಲ್ಲಿ, ಮುಂಗಾರಿಗೆ ಮೊದಲೇ ಪಂಚಾಯಿತಿ ಕಚೇರಿಗೆ ಮುಟ್ಟಿಸಿ. ಪಕ್ಕದಲ್ಲೊಂದು ಮಳೆಮಾಪಕವನ್ನೂ ಇಡಿ.