ಏಮ್ಸ್‌ಬರಿಯ ಬಿಲ್ಲುಗಾರನ ಹಲ್ಲು

2002ರಲ್ಲಿ, ಇಂಗ್ಲೆಂಡಿನ ಸ್ಟೋನ್‌ಹೆಂಜ್ ಶಿಲಾವೃತ್ತದಿಂದ ಸುಮಾರು 5 ಕಿಲೋಮೀಟರು ದೂರದ ಏಮ್ಸ್‌ಬರಿಯಲ್ಲಿ, ಮನೆಗಳನ್ನೂ ಶಾಲೆಯೊಂದನ್ನೂ ಕಟ್ಟುವುದಕ್ಕೆ ಮುನ್ನ ನೆಲವನ್ನು ಅಗೆದು ನೋಡುತ್ತಿದ್ದ ಪುರಾತತ್ತ್ವಜ್ಞರಿಗೆ ಸುಮಾರು 4300 ವರ್ಷಗಳಷ್ಟು ಹಳೆಯದಾದ ಸಮಾಧಿಯೊಂದು ಗೋಚರಿಸಿತು. ಅದರೊಳಗೆ ನಡುವಯಸ್ಸಿನ ಪುರುಷನೊಬ್ಬನು ಮಲಗಿದ್ದನು. ಸುತ್ತ ಐದು ಮಣ್ಣಿನ ಪಾತ್ರೆಗಳು, ಮೂರು ತಾಮ್ರದ ಕಿರುಗತ್ತಿಗಳು, ಒಂದು ಜೊತೆ ಚಿನ್ನದ ಆಭರಣ, ಚಕಮಕಿಕಲ್ಲಿನ ಬಾಣದ ಮೊನೆಗಳು. ಈ ಮೊನೆಗಳಿಂದಲೇ ಆತನಿಗೆ ಬಿಲ್ಲುಗಾರನೆಂಬ ಹೆಸರು ಬಂದಿತು. ಪತ್ರಿಕೆಗಳಾದರೋ, ತಮ್ಮ ಸಹಜವಾದ ಔದಾರ್ಯದಿಂದ, ಆತನಿಗೆ ಸ್ಟೋನ್‌ಹೆಂಜಿನ ರಾಜಪಟ್ಟವನ್ನೇ ಕಟ್ಟಿದವು. ಈ 'ರಾಜ'ನು ಆ ಸೀಮೆಯಲ್ಲಿ ಹುಟ್ಟಿ ಬೆಳೆದವನೇ ಅಲ್ಲವೆಂಬುದು ಆತನ ಹಲ್ಲನ್ನು ಪರೀಕ್ಷಿಸಿದಾಗ ತಿಳಿದುಬಂದಿತು.

ನಮ್ಮ ಮೂಳೆಗಳು ಆಯುಷ್ಯದುದ್ದಕ್ಕೂ ಸವೆದು ಹೊಸದಾಗುತ್ತಲೇ ಇರುತ್ತವೆ. ಹಲ್ಲಿನ ಮೇಲಣ ಎನಾಮೆಲ್ ಕವಚ ಹಾಗಲ್ಲ. ಮೊದಲ ದವಡೆಹಲ್ಲಿನ ಕವಚವು ಹುಟ್ಟಿದ ಹೊಸತರಲ್ಲಿ ಆರಂಭವಾಗಿ ಮೂರು ವರ್ಷದ ಹೊತ್ತಿಗೆ ಮುಗಿಯುತ್ತದೆ. ಕಟ್ಟಕಡೆಯದಾದ ಬುದ್ಧಿಹಲ್ಲಿನದು ಹದಿಹರೆಯದವರೆಗೆ ಸಾಗುತ್ತದೆ. ಒಮ್ಮೆ ಮುಗಿದ ಬಳಿಕ ದೇಹವು ಅದನ್ನು ಮತ್ತೆ ಮುಟ್ಟುವುದಿಲ್ಲವಾದುದರಿಂದ, ಮಗುವಾಗಿದ್ದಾಗ ಉಂಡ ಅನ್ನದ ಮತ್ತು ಕುಡಿದ ನೀರಿನ ಗುರುತು ಅದರಲ್ಲಿ ಸಹಸ್ರಾರು ವರ್ಷಗಳ ಕಾಲ ಉಳಿದಿರಬಲ್ಲದು.

ಈ ಗುರುತುಗಳಲ್ಲಿ ಒಂದು ಸ್ಟ್ರಾನ್ಷಿಯಂ ಎಂಬ ಧಾತು. ಕ್ಯಾಲ್ಸಿಯಮ್ಮಿನ ದಾಯಾದಿಯಂತಿರುವ ಇದು ಶಿಲೆಯಿಂದ ಮಣ್ಣಿಗೂ, ಮಣ್ಣಿನಿಂದ ಬೆಳೆಗೂ ಬಂದು, ಕಡೆಗೆ ಹಲ್ಲಿನಲ್ಲಿ ಕ್ಯಾಲ್ಸಿಯಮ್ಮಿನ ಸ್ಥಾನದಲ್ಲಿಯೇ ಸದ್ದಿಲ್ಲದೆ ಕುಳಿತುಬಿಡುತ್ತದೆ. ಶಿಲೆಯಲ್ಲಿನ ರುಬೀಡಿಯಂ ಅತ್ಯಂತ ಮಂದಗತಿಯಲ್ಲಿ ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗಿ ಮಾರ್ಪಡುವುದರಿಂದ, ಪ್ರಾಚೀನವಾದ ಗ್ರಾನೈಟಿನ ನೆಲದಲ್ಲಿ ಅದರ ಪಾಲು ಹೆಚ್ಚು, ಎಳೆಯ ಜ್ವಾಲಾಮುಖಿಶಿಲೆಯಲ್ಲಿ ಕಡಿಮೆ. ಇನ್ನೊಂದು ಗುರುತು ನೀರಿನಲ್ಲಿರುವ ಆಮ್ಲಜನಕ. ಮೋಡಗಳು ಸಮುದ್ರವನ್ನು ಬಿಟ್ಟು ಒಳನಾಡಿಗೆ, ಚಳಿಯ ಸೀಮೆಗೆ ಸರಿದಂತೆಲ್ಲ ಭಾರವಾದ ಆಮ್ಲಜನಕವು ಮೊದಲೇ ಮಳೆಯಾಗಿ ಸುರಿದುಹೋಗಿ, ಮುಂದಿನ ಮಳೆಯಲ್ಲಿ ಅದರ ಅಂಶ ಕುಗ್ಗುತ್ತದೆ. ಬಿಲ್ಲುಗಾರನ ಹಲ್ಲಿನಲ್ಲಿ ಅದು ಬ್ರಿಟನ್ನಿನ ನೀರು ಕುಡಿದು ಬೆಳೆದವರಲ್ಲಿ ಕಾಣುವುದಕ್ಕಿಂತ ಕಡಿಮೆಯಾಗಿದ್ದಿತು. ಆದಕಾರಣ ಆತನ ಬಾಲ್ಯವು ಯುರೋಪಿನ ಒಳನಾಡಿನಲ್ಲಿ, ಬಹುಶಃ ಆಲ್ಪ್ಸ್ ಪರ್ವತಗಳ ಆಸುಪಾಸಿನಲ್ಲಿ, ಕಳೆದಿರಬೇಕೆಂದು ಊಹಿಸಿದರು.

'ಬಹುಶಃ' ಎಂದುದು ಸುಮ್ಮನೆ ಅಲ್ಲ. ಒಂದೇ ಬಗೆಯ ಶಿಲೆಯೂ ಮಳೆಯೂ ಹತ್ತು ಕಡೆ ಇರಬಹುದಾದುದರಿಂದ, ಇವನು ಇಲ್ಲಿಯವನಲ್ಲ ಎಂದು ಹೇಳುವಷ್ಟು ಧೈರ್ಯದಿಂದ ಇಂಥ ಊರಿನವನೇ ಎಂದು ಹಲ್ಲು ಹೇಳಲಾರದು.

ಸಮೀಪದಲ್ಲಿಯೇ ಇನ್ನೊಬ್ಬ ತರುಣನ ಸಮಾಧಿಯೂ ದೊರೆಯಿತು. ಇಬ್ಬರ ಪಾದದ ಮೂಳೆಗಳಲ್ಲಿಯೂ ಒಂದೇ ಬಗೆಯ ಅಪರೂಪದ ಕೂಡಿಕೆ ಇದ್ದುದರಿಂದ ರಕ್ತಸಂಬಂಧಿಗಳಿರಬಹುದೆಂಬ ಶಂಕೆ ಹುಟ್ಟಿತಾದರೂ, ತರುಣನ ಎಳವೆಯ ಹಲ್ಲು ಅದೇ ಸೀಮೆಯ ಬೆಳ್ಳನೆಯ ಸುಣ್ಣದ ನೆಲಕ್ಕೆ ಹೊಂದುತ್ತಿದ್ದಿತು. ಬಿಲ್ಲುಗಾರನ ಎಡಮೊಣಕಾಲಿನ ಚಿಪ್ಪು ಸಾಯುವುದಕ್ಕೆ ಬಹಳ ಹಿಂದೆಯೇ ಕಳಚಿಹೋಗಿದ್ದಿತು. ಆತನು ಕುಂಟುತ್ತಲೇ ಕಡಲು ದಾಟಿ ಬಂದನೋ, ಬಂದ ಮೇಲೆ ಕುಂಟನಾದನೋ ಎಂಬುದನ್ನು ಹಲ್ಲು ಹೇಳದು. ಹದಿಹರೆಯ ಮುಗಿಯುವ ಮುನ್ನವೇ ಅದು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದಿತು.