ತಣ್ಣೀರಿನ ನಾಯಿ

ರಾಯಚೂರು ಜಿಲ್ಲೆಯ ಶಕ್ತಿನಗರದ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ಎಷ್ಟು ಬೇಕೋ ಕೃಷ್ಣೆಯ ನೀರೂ ಅಷ್ಟೇ ಬೇಕು. ಟರ್ಬೈನ್ ತಿರುಗಿಸಿ ಬಂದ ಉಗಿ ಮತ್ತೆ ನೀರಾಗಬೇಕಾದರೆ ಅದರ ಶಾಖ ಹೋಗಬೇಕು. ಕಂಡೆನ್ಸರಿನ ಕೊಳವೆಗಳಲ್ಲಿ ಹರಿಯುವ ತಣ್ಣೀರು ಆ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. 1,720 ಮೆಗಾವಾಟ್‌ನ ಕೇಂದ್ರವನ್ನು ನಡೆಸಿಕೊಡುವ ಇದೇ ಗುಣ, ತಣ್ಣನೆಯ ಕಡಲಿಗೆ ಇಳಿದ ಮನುಷ್ಯನ ಮೈಯ ಕಾವನ್ನೂ ಹಾಗೆಯೇ ಎಳೆದುಕೊಳ್ಳುತ್ತದೆ.

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಫಾರ್ನ್ ಎಂಬ ಪುಟ್ಟ ದ್ವೀಪಗಳಿವೆ. ಅಲ್ಲಿನ ಕಡಲು ಬೇಸಿಗೆಯಲ್ಲೂ 13–14 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನವರಿಗೆ ಕೇಳಿದರೇ ಹಿತವೆನಿಸೀತು; ಬರಿಮೈಯಲ್ಲಿ ಇಳಿದರೆ ಸ್ವಲ್ಪ ಹೊತ್ತಿಗೇ ಬೆರಳು ಮರಗಟ್ಟುತ್ತವೆ. ದಪ್ಪ ಸೂಟು, ಕೈಗವಸು, ತಲೆಗೆ ಮುಸುಕು, ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಸ್ಕೂಬಾ ಮುಳುಗುಗಾರರು ಅಲ್ಲಿಗೆ ಹೋಗುವುದು ಮುಖ್ಯವಾಗಿ ಬೂದು ಸೀಲ್‌ಗಳನ್ನು ನೋಡಲು.

ಭೇಟಿ ಸಾಮಾನ್ಯವಾಗಿ ಹಿಂದಿನಿಂದ ಶುರುವಾಗುತ್ತದೆ. ಕಡಲಕಳೆಯ ನಡುವೆ ಈಜುತ್ತಿದ್ದವರ ಕಾಲನ್ನು ಯಾರೋ ಮೆಲ್ಲಗೆ ಎಳೆದಂತಾಗುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಮುಂದೆ ಹೋದರೆ ಮತ್ತೆ ಎಳೆತ. ಸರಕ್ಕನೆ ತಿರುಗಿದಾಗ ಕಾಣುತ್ತದೆ: ಕಾಲಿಗೆ ಕಟ್ಟಿದ ರಬ್ಬರ್ ರೆಕ್ಕೆಯ ತುದಿಯನ್ನು ಹಲ್ಲಿನಲ್ಲಿ ಹಿಡಿದ ಎಳೆಯ ಸೀಲ್, ಅಗಲವಾದ ಕಪ್ಪು ಕಣ್ಣು, ಮುಂದಕ್ಕೆ ಚಾಚಿದ ಮೀಸೆ. ದಿಟ್ಟಿಸಿದರೆ ಹಿಂದೆ ಸರಿಯುತ್ತದೆ. ಬೇರೆ ಕಡೆ ನೋಡಿದರೆ ಮತ್ತೆ ಹತ್ತಿರ ಬರುತ್ತದೆ. ಕೆಲವು ಮರಿಗಳು ಮುಂಗಾಲಿನಿಂದ ಮುಳುಗುಗಾರರ ಕಾಲನ್ನು ತಬ್ಬಿ ಹಿಡಿಯುವುದೂ ಉಂಟು.

ಇದನ್ನು ಗೆಳೆತನ ಎನ್ನುವ ಆಸೆ ನನಗೂ ಇದೆ. ಆದರೆ ಕುತೂಹಲ ಎಂದರೆ ಸತ್ಯಕ್ಕೆ ಹೆಚ್ಚು ಹತ್ತಿರ. ಹೊಸ ವಸ್ತುವನ್ನು ಎತ್ತಿ, ಹಿಸುಕಿ, ತಿರುಗಿಸಿ ನೋಡಲು ಸೀಲ್‌ಗೆ ನಮ್ಮಂಥ ಬೆರಳುಗಳಿಲ್ಲ. ಅದರ ಬಾಯಿಯೇ ಕೈ, ಮೀಸೆಯೇ ಬೆರಳು. ಆ ಮೀಸೆಯ ಒಂದೊಂದು ಕೂದಲಿನ ಬುಡಕ್ಕೂ ಸಾವಿರದಷ್ಟು ನರತಂತುಗಳು ಬಂದು ಸೇರುತ್ತವೆ. ಬೂದು ಸೀಲ್‌ನ ಹತ್ತಿರದ ಬಂಧುವಾದ ಹಾರ್ಬರ್ ಸೀಲ್‌ಗೆ ಜರ್ಮನಿಯ ವಿಜ್ಞಾನಿಗಳು ಕಣ್ಣು ಮುಚ್ಚಿ, ಕಿವಿಗೂ ಶಬ್ದ ಕೇಳದಂತೆ ಮಾಡಿ, ನೀರಿನಲ್ಲಿ ಪುಟ್ಟ ಆಟಿಕೆ ಜಲಾಂತರ್ಗಾಮಿಯನ್ನು ಓಡಿಸಿದರು. ಅದು ಹೋದ ದಾರಿಯಲ್ಲಿ ಉಳಿದ ನೀರಿನ ಕದಲಿಕೆಯನ್ನೇ ಮೀಸೆಯಿಂದ ಹಿಡಿದು ಸೀಲ್ ಹಿಂಬಾಲಿಸಿತು. 2001ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದ ಮೇಲೆ ರಬ್ಬರ್ ರೆಕ್ಕೆಯ ಮೇಲಿನ ವ್ಯಾಮೋಹ ನನಗೆ ಅರ್ಥವಾದಂತಾಯಿತು. ಪಟಪಟ ಬಡಿಯುವ ಆ ರೆಕ್ಕೆ ಸೀಲ್‌ಗೆ ಎಂಥ ದೊಡ್ಡ ಸುದ್ದಿಯಾಗಿರಬೇಕು!

ನಮ್ಮನ್ನು ನಡುಗಿಸುವ ಆ ಚಳಿಯಲ್ಲಿ ಸೀಲ್‌ಗೆ ಆಟವಾಡಲು ಪುರುಸೊತ್ತು ಸಿಗುವುದು ಚರ್ಮದ ಕೆಳಗಿನ ಕೊಬ್ಬಿನಿಂದ. ಹಲವು ಸೆಂಟಿಮೀಟರ್ ದಪ್ಪದ ಆ ಪದರ ಮೈಯ ಕಾವನ್ನು ಒಳಗೇ ಹಿಡಿದಿಡುತ್ತದೆ. ಉಸಿರಿನ ಲೆಕ್ಕವೂ ಬೇರೆ. ನಾವು ಎದೆ ತುಂಬ ಗಾಳಿ ಎಳೆದುಕೊಂಡು ಮುಳುಗಿದರೆ, ಸೀಲ್ ಉಸಿರು ಹೊರಗೆ ಬಿಟ್ಟು ಮುಳುಗುತ್ತದೆ. ಅದಕ್ಕೆ ಬೇಕಾದ ಆಮ್ಲಜನಕ ರಕ್ತದಲ್ಲಿ, ಸ್ನಾಯುವಿನಲ್ಲಿ ಶೇಖರವಾಗಿರುತ್ತದೆ.

ಸಲಿಗೆಗೆ ಮಿತಿಯೂ ಇದೆ. ಬೆಳೆದ ಗಂಡು 200 ಕಿಲೋ ಮೀರಿ ತೂಗುತ್ತದೆ. ಅದರ ಕಡಿತದಿಂದ ಬೆರಳು ಬಾತುಕೊಳ್ಳುವ ಸೋಂಕು ಬರಬಹುದು. ಬಲ್ಲ ಮುಳುಗುಗಾರರು ಬೆನ್ನಟ್ಟುವುದಿಲ್ಲ, ಕೈ ಚಾಚುವುದಿಲ್ಲ, ತಿನ್ನಲು ಕೊಡುವುದಿಲ್ಲ. ಸುಮ್ಮನೆ ಒಂದು ಕಡೆ ಇದ್ದು ಕಾಯುತ್ತಾರೆ.

ಜರ್ಮನ್ನರು ಹಾರ್ಬರ್ ಸೀಲ್ ಅನ್ನು 'ಕಡಲ ನಾಯಿ' ಎಂದು ಕರೆಯುತ್ತಾರೆ. ಕನ್ನಡದಲ್ಲಿ ಆ ಬಗೆಯ ಹೆಸರು ಆಟರ್‌ಗೆ ಸಂದಿದೆ: ನೀರುನಾಯಿ. ಅದೇ ಮೀಸೆ, ಅದೇ ಕುತೂಹಲ. ಆದರೆ ಇದಕ್ಕೆ ಸೀಲ್‌ನಂತೆ ದಪ್ಪ ಕೊಬ್ಬಿಲ್ಲ. ಒತ್ತಾದ ತುಪ್ಪಳದೊಳಗೆ ಸಿಕ್ಕ ಗಾಳಿಯೇ ಇದರ ಕಂಬಳಿ. ತುಪ್ಪಳ ಕೊಳೆಯಾದರೆ ಕಂಬಳಿ ತೂತಾದಂತೆ. ಅದಕ್ಕೇ ನೀರುನಾಯಿಗಳ ಕುಟುಂಬ ದಡಕ್ಕೆ ಬಂದು ಮರಳಿನಲ್ಲಿ ಉರುಳಾಡುತ್ತದೆ, ಮೈ ಒರೆಸಿ ಒಣಗಿಸಿಕೊಳ್ಳುತ್ತದೆ. ನಮಗೆ ಆಟದಂತೆ ಕಾಣುವುದು ಅದರ ದಿನದ ಕೆಲಸ. ಮರಳು ಲಾರಿ ಹತ್ತಿಹೋದರೆ ಆ ಕೆಲಸಕ್ಕೆ ಜಾಗವೇ ಉಳಿಯುವುದಿಲ್ಲ.

ಕೃಷ್ಣೆ ಉತ್ತರಕ್ಕೆ, ತುಂಗಭದ್ರೆ ದಕ್ಷಿಣಕ್ಕೆ; ನಮ್ಮ ರಾಯಚೂರು ಜಿಲ್ಲೆ ನಡುವೆ. ಜಿಲ್ಲೆಯ ಮಾನ್ವಿಯ ದಕ್ಷಿಣಕ್ಕೆ ಹರಿಯುವ ಅದೇ ತುಂಗಭದ್ರೆಯಲ್ಲಿ, ಇನ್ನೂ ಮೇಲಕ್ಕೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಫಾರ್ನ್‌ಗೆ ಹೋಗಲು ನಮ್ಮಲ್ಲಿ ಎಷ್ಟು ಜನರಿಗೆ ಆದೀತು? ಇಲ್ಲಿಗೆ ಹೋಗಬಹುದು. ನೀರಿಗೆ ಮಾತ್ರ ಇಳಿಯಬೇಡಿ. ನಮ್ಮ ಹೊಳೆಗಳಲ್ಲಿ ಮೊಸಳೆಗಳಿವೆ. ದಡದಲ್ಲಿ ದೂರ ಕುಳಿತು ಬೆಳಗಿನ ಹೊತ್ತು ಕಾಯಿರಿ. ಯಾರಾದರೂ ತೋಟೆ ಸಿಡಿಸಿ ಮೀನು ಹಿಡಿಯುತ್ತಿದ್ದರೆ ಅರಣ್ಯ ಇಲಾಖೆಗೆ ಅಂದೇ ತಿಳಿಸಿ.